ಮೊದಲು ನೋಡು, ಆಮೇಲೆ ಬಿಚ್ಚು

ಬಸ್ಸಿನ ತುಂಬ ನೀರು. ನಿಂತವರ ಕುತ್ತಿಗೆವರೆಗೂ ಬಂದಿದೆ. ಕೂತವರು ಪೂರ್ತಿ ಮುಳುಗಿದ್ದಾರೆ, ಅವರ ಕೂದಲು ಪಾಚಿಯ ಹಾಗೆ ಮೆಲ್ಲಗೆ ಅಲೆಯುತ್ತಿದೆ. ಒಬ್ಬರ ಮುಖದಲ್ಲೂ ಗಾಬರಿ ಇಲ್ಲ. ನಿಂತವರು ಮೇಲಿನ ಕಂಬಿ ಹಿಡಿದು ಗದ್ದ ಸ್ವಲ್ಪ ಮೇಲೆತ್ತಿದ್ದಾರೆ, ಅಷ್ಟೆ. ಕಂಡಕ್ಟರ್ ತನ್ನ ಚೀಲವನ್ನು ತಲೆ ಮೇಲೆ ಇಟ್ಟುಕೊಂಡು ಟಿಕೆಟ್ ಹರಿಯುತ್ತಿದ್ದಾನೆ. ಡ್ರೈವರ್ ಸೀಟಿನಲ್ಲಿ ಒಂದು ಕೊಕ್ಕರೆ ಒಂಟಿ ಕಾಲಲ್ಲಿ ನಿಂತಿದೆ. ಬಸ್ಸಿನ ಹೊರಗೆ ಮಾತ್ರ ಒಂದು ಹನಿ ನೀರಿಲ್ಲ. ನೆಲ ಒಣಗಿ, ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿದೆ.

ಈ ಚಿತ್ರದ ಮುಂದೆ ನಮ್ಮಪ್ಪ ಕಾಲು ಗಂಟೆ ನಿಂತಿದ್ದರು. ಕೈ ಹಿಂದೆ ಕಟ್ಟಿಕೊಂಡು, ಸ್ವಲ್ಪ ಮುಂದೆ ಬಾಗಿ, ಒಂದು ಮೂಲೆಯಿಂದ ಶುರು ಮಾಡಿ ಇನ್ನೊಂದು ಮೂಲೆವರೆಗೆ ನೋಡುತ್ತಾ ಹೋದರು. ನಾನು ಏನೂ ಹೇಳಲಿಲ್ಲ. ಅವರೂ ಏನೂ ಕೇಳಲಿಲ್ಲ.

ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ನಾನು ಸುಮಾರು ವರ್ಷಗಳಿಂದ ಹೋಗುತ್ತಿದ್ದೇನೆ. ಅಲ್ಲಿನ ಗ್ಯಾಲರಿಗಳಲ್ಲಿ ಯಾವಾಗಲೂ ಯಾವುದಾದರೊಂದು ಪ್ರದರ್ಶನ ನಡೆಯುತ್ತಿರುತ್ತದೆ. ಇವತ್ತು ಇದ್ದದ್ದು ಮುಂದಿನ ವಾರ ಇರುವುದಿಲ್ಲ. ಸುಮ್ನೆ ಒಳಗೆ ಹೋಗಿ, ನೋಡಿ, ಮರಗಳ ಕೆಳಗೆ ಸ್ವಲ್ಪ ಹೊತ್ತು ಕೂತು ಬರಬಹುದು. ಅಪ್ಪ ಮಾತ್ರ ಒಮ್ಮೆಯೂ ಬಂದಿರಲಿಲ್ಲ. "ನನಗದೆಲ್ಲ ಏನು ಗೊತ್ತಾಗುತ್ತೆ, ನೀನು ಹೋಗಿ ಬಾ" ಅನ್ನುತ್ತಿದ್ದರು. ಅಮ್ಮ ಹೋಗಿ ಎರಡು ವರ್ಷ ಆಯಿತು. ಆಮೇಲೆ ಅವರು ಮನೆಯಿಂದ ಹೊರಗೆ ಬರುವುದೇ ಕಡಿಮೆ ಮಾಡಿದರು. ಆ ಭಾನುವಾರ ನಾನು ಸ್ವಲ್ಪ ಹಟ ಮಾಡಿಯೇ ಕರೆದುಕೊಂಡು ಹೋದೆ.

ಅಪ್ಪ ಜಾಲಹಳ್ಳಿಯ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಶುರುವಾದ ಕಾರ್ಖಾನೆ ಅದು. ಅಪ್ಪ 1972ರಲ್ಲಿ ತಿಪಟೂರು ಕಡೆಯಿಂದ ಬಂದು ಸೇರಿದರು. ಕೀ ಕೊಡುವ ವಾಚುಗಳನ್ನು ಜೋಡಿಸುವ ಬೆಂಚಿನಲ್ಲಿ ಎಷ್ಟೋ ವರ್ಷ ಕೂತರು. ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು, ಚಿಮಟದಲ್ಲಿ ಕೂದಲಿನಷ್ಟು ತೆಳು ಸ್ಪ್ರಿಂಗ್ ಹಿಡಿದು ಮಾಡುವ ಕೆಲಸ. ಅವರ ಕೈಯಲ್ಲಿ ಈಗಲೂ ಜನತಾ ವಾಚೇ ಇದೆ. ಅದರ ಎದೆ ಸೆಕೆಂಡಿಗೆ 5 ಸಲ ಬಡಿಯುತ್ತೆ ಅಂತ ನನಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದರು. ಗಂಟೆಗೆ 18,000. ದಿನಕ್ಕೆ 4,32,000. ನಾನು ಮೊದಲು ಕಲಿತ ದೊಡ್ಡ ಗುಣಾಕಾರ ಅದು.

ಅವರಿಗೆ ಕೆಲಸ ಕಲಿಸಿದ ಹಿರಿಯರೊಬ್ಬರು ಒಂದು ಮಾತು ಹೇಳುತ್ತಿದ್ದರಂತೆ: ಮೊದಲು ನೋಡು, ಆಮೇಲೆ ಬಿಚ್ಚು. ನಿಂತ ವಾಚು ಬೆಂಚಿಗೆ ಬಂದರೆ ಹೊಸಬರು ತಕ್ಷಣ ಸ್ಕ್ರೂ ತಿರುಗಿಸಲು ಹೋಗುತ್ತಾರೆ. ಹಾಗೆ ಮಾಡಬಾರದು. ಮುಚ್ಚಳ ತೆಗೆದು ಸುಮ್ಮನೆ ಕೂತು ನೋಡಬೇಕು. ಏನೇನಿದೆ, ಯಾವುದು ಎಲ್ಲಿದೆ, ಯಾವುದು ಇರಬೇಕಾದ ಜಾಗದಲ್ಲಿ ಇಲ್ಲ. ಅಷ್ಟನ್ನು ಮನಸ್ಸಿನಲ್ಲೇ ಹೇಳಿಕೊಳ್ಳಬೇಕು. ಎಷ್ಟೋ ಸಲ ದೋಷ ಅಲ್ಲೇ ಕಣ್ಣಿಗೆ ಬೀಳುತ್ತದೆ.

ಅಪ್ಪ ಬಸ್ಸಿನ ಚಿತ್ರ ನೋಡಿದ್ದು ಹೀಗೆಯೇ. ಅದು ನನಗೆ ಅರ್ಥವಾಗಿದ್ದು ಅವರು ಮಾತಾಡಲು ಶುರು ಮಾಡಿದ ಮೇಲೆ.

"ಮುಳುಗಿದವರು 11 ಜನ. ಯಾರ ಬಾಯಿಂದಲೂ ಗುಳ್ಳೆ ಬರ್ತಿಲ್ಲ" ಅಂದರು. "ಅಂದ್ರೆ ಅವರು ಉಸಿರಾಡ್ತಿಲ್ಲ. ಅಥವಾ ನೀರಲ್ಲೇ ಉಸಿರಾಡೋದು ಅಭ್ಯಾಸ ಆಗಿದೆ. ನೀರು ಕೊಳಕಿಲ್ಲ ನೋಡು, ತಿಳಿಯಾಗಿದೆ. ಬಾಗಿಲು ತೆಗೆದೇ ಇದೆ, ಆದರೂ ನೀರು ಆಚೆ ಬರ್ತಿಲ್ಲ. ನೆಲಕ್ಕೆ ಅದು ಬೇಕು, ಅದು ಹೋಗ್ತಿಲ್ಲ."

ಬಾಗಿಲು ತೆರೆದಿರುವುದನ್ನು ನಾನು ಗಮನಿಸಿಯೇ ಇರಲಿಲ್ಲ.

ಕೊನೆಗೆ ಅವರು ಗೋಡೆಯ ಮೇಲಿನ ಪುಟ್ಟ ಚೀಟಿ ಓದಿದರು. ಚಿತ್ರದ ಹೆಸರು 'ಧರ್ಮಾಂಬುಧಿ'. ಅಪ್ಪ ಒಂದು ಹೆಜ್ಜೆ ಹಿಂದೆ ಸರಿದರು. "ಓ... ಇದು ಮೆಜೆಸ್ಟಿಕ್ಕು."

ಬೆಂಗಳೂರಿನ ತುಂಬ ಜನಕ್ಕೆ ಇದು ಗೊತ್ತು, ಗೊತ್ತಿದ್ದರೂ ನೆನಪಿರುವುದಿಲ್ಲ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವ ಜಾಗ ಧರ್ಮಾಂಬುಧಿ ಕೆರೆ. ಪೇಟೆಗೆ ನೀರು ಕೊಟ್ಟ ಕೆರೆ. ಕಂಠೀರವ ಕ್ರೀಡಾಂಗಣ ಇರುವಲ್ಲಿ ಸಂಪಂಗಿ ಕೆರೆ ಇತ್ತು. ಅಪ್ಪ ಊರಿಂದ ಬಂದು ಇಳಿದಾಗ ಮೆಜೆಸ್ಟಿಕ್‌ನಲ್ಲಿ ಬಸ್ಸುಗಳೇ ಇದ್ದವು. ಆದರೆ ಅವರು ಬಾಡಿಗೆಗಿದ್ದ ರೂಮಿನ ಮಾಲೀಕರ ಅಪ್ಪ ಅಲ್ಲಿ ನೀರು ನೋಡಿದ್ದರಂತೆ. "ಆಗ ಆ ಮಾತು ಕೇಳಿ ಸುಮ್ನೆ ಹೂಂ ಅಂದಿದ್ದೆ" ಅಂದರು ಅಪ್ಪ. "50 ವರ್ಷ ಅಲ್ಲಿಂದ ಬಸ್ ಹತ್ತಿದೀನಿ. ಒಂದು ಸಲನೂ ಅದು ಕೆರೆ ಅಂತ ಅನ್ಸಿರಲಿಲ್ಲ. ಈಗ ಅನ್ಸ್ತು."

ಒಂದು ಲೇಖನ ಓದಿದ್ದರೆ ಅವರಿಗೆ ವಿಷಯ ತಿಳಿಯುತ್ತಿತ್ತು. ಈ ಚಿತ್ರ ಅವರನ್ನು ನೀರಿನೊಳಗೆ ನಿಲ್ಲಿಸಿತು. ನಾನು ಇಂಥ ಚಿತ್ರಗಳನ್ನು ಹುಡುಕಿಕೊಂಡು ಹೋಗುವುದು ಇದಕ್ಕೇ. ಕೆರೆ ಬತ್ತಿ ಬಸ್ ಸ್ಟ್ಯಾಂಡ್ ಆಯಿತು ಅನ್ನುವುದು ಸುದ್ದಿ. ಕೆರೆ ಎಲ್ಲೂ ಹೋಗಿಲ್ಲ, ನಾವು ಅದನ್ನು ಬಸ್ಸಿನಲ್ಲಿ ತುಂಬಿಕೊಂಡು ಕುತ್ತಿಗೆವರೆಗೆ ಹೊತ್ತು ತಿರುಗುತ್ತಿದ್ದೇವೆ ಅನ್ನುವುದು ರೂಪಕ. ಅದು ಸುಳ್ಳು ಅಂತ ನಮಗೆ ಗೊತ್ತು. ಆದರೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಗ್ಯಾಲರಿ ಅಂದರೆ ಹಿಂಜರಿಯುವವರು ತುಂಬ ಜನ ಇದ್ದಾರೆ. ಮೊದಮೊದಲು ನಾನೂ ಹಿಂಜರಿದವಳೇ. ಕಾಲೇಜಿನ ದಿನಗಳಲ್ಲಿ ಒಂದು ಗ್ಯಾಲರಿಯಲ್ಲಿ ಒಂದು ಶಿಲ್ಪದ ಬಗ್ಗೆ "ಇದರ ಅರ್ಥ ಏನು ಸಾರ್" ಅಂತ ಕೇಳಿದ್ದೆ. ಅಲ್ಲಿದ್ದವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ನನಗೆ ತಿಳಿಯದ ನಾಲ್ಕು ದೊಡ್ಡ ಪದ ಹೇಳಿ ಹೊರಟುಹೋದರು. ಮತ್ತೆ ಎರಡು ವರ್ಷ ನಾನು ಯಾವ ಗ್ಯಾಲರಿಗೂ ಕಾಲಿಡಲಿಲ್ಲ. ಈಗ ಯೋಚಿಸಿದರೆ ಆ ಪ್ರಶ್ನೆ ತಪ್ಪಲ್ಲ, ಆದರೆ ಬೇಗ ಕೇಳಿದೆ ಅನ್ನಿಸುತ್ತದೆ. ನೋಡುವ ಮೊದಲೇ ಬಿಚ್ಚಲು ಹೋಗಿದ್ದೆ.

ಬಸ್ಸಿನ ಚಿತ್ರದಂಥ, ಕನಸಿನ ಹಾಗಿರುವ ಕಲೆಗೆ ಸರ್ರಿಯಲಿಸಂ ಅನ್ನುತ್ತಾರೆ. ಆ ಹೆಸರು ಕೇಳಿದ ತಕ್ಷಣ ಅದು ಹೊರಗಿನವರದು, ಓದಿದವರಿಗೆ ಮಾತ್ರ ಅನ್ನುವ ಭಾವನೆ ನಮ್ಮಲ್ಲಿದೆ. ಆ ಹೆಸರು ಹೊರಗಿನದು, ನಿಜ. 1924ರಲ್ಲಿ ಪ್ಯಾರಿಸ್‌ನಲ್ಲಿ ಆಂದ್ರೆ ಬ್ರೆತಾಂ ಅನ್ನುವ ಕವಿ ಅದರ ಪ್ರಣಾಳಿಕೆ ಬರೆದ. ಮಹಾಯುದ್ಧ ಕಂಡು ಬಂದ ತಲೆಮಾರು ಅದು. ಬುದ್ಧಿಯನ್ನು ಮಾತ್ರ ನಂಬಿ ಇಲ್ಲಿಗೆ ಬಂದು ನಿಂತಿದ್ದೇವೆ, ಕನಸನ್ನೂ ಸ್ವಲ್ಪ ಕೇಳೋಣ ಅಂದರು. ಅದನ್ನು ಕನ್ನಡದಲ್ಲಿ ಅತಿವಾಸ್ತವ ಅನ್ನುತ್ತೇವೆ. ಆ ಪದ ಕೇಳಿ ಹೆದರಬೇಕಿಲ್ಲ. ನಾವು ದಿನವೂ ಆಡುವ ಮಾತನ್ನೇ ಒಂದು ಸಲ ಕಣ್ಣು ಬಿಟ್ಟು ನೋಡಿ. ತಲೆ ತಿನ್ನಬೇಡ ಅನ್ನುತ್ತೇವೆ. ಗೋಡೆಗೂ ಕಿವಿ ಇದೆ ಅನ್ನುತ್ತೇವೆ. ಮೈಯೆಲ್ಲ ಕಣ್ಣಾಗಿ ಕಾಯುತ್ತೇವೆ. ತಪ್ಪಾಯಿತು, ಹೊಟ್ಟೆಗೆ ಹಾಕ್ಕೊಳ್ಳಿ ಅನ್ನುತ್ತೇವೆ. ಇನ್ನೊಬ್ಬರ ತಪ್ಪನ್ನು ಎತ್ತಿ ತನ್ನ ಹೊಟ್ಟೆಯೊಳಗೆ ಇಟ್ಟುಕೊಳ್ಳುವುದು! ಇದನ್ನು ಯಾರಾದರೂ ಹಾಗೆಯೇ ಚಿತ್ರ ಬರೆದರೆ ನಾವು ಅದರ ಮುಂದೆ ನಿಂತು ಅರ್ಥ ಆಗಲಿಲ್ಲ ಅನ್ನುತ್ತೇವೆ. ಬಾಯಲ್ಲಿ ಆಡಿದಾಗ ಮಾತ್ರ ಯಾರಿಗೂ ಅನುಮಾನ ಬರುವುದಿಲ್ಲ.

ಒಗಟುಗಳೂ ಹಾಗೇ ಅಲ್ವಾ? ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ. ಮಲ್ಲಿಗೆ ಅಂತ ಗೊತ್ತಾದ ಮೇಲೂ ಗಿಡದ ಮೇಲೆ ಮೊಸರು ಹಾಗೇ ಉಳಿದಿರುತ್ತದೆ. ಮುಂದೆ ಯಾವ ಮಲ್ಲಿಗೆ ಗಿಡ ನೋಡಿದರೂ ಸ್ವಲ್ಪ ಹುಳಿ ವಾಸನೆ ಬರುತ್ತದೆ ನನಗೆ. ಒಂದು ವ್ಯತ್ಯಾಸ ಇದೆ. ಒಗಟಿಗೆ ಉತ್ತರ ಇದೆ. ಚಿತ್ರಕ್ಕೆ ಒಂದೇ ಉತ್ತರ ಇರಬೇಕಿಲ್ಲ.

ಇನ್ನೂ ಹತ್ತಿರದ್ದು ಹೇಳುತ್ತೇನೆ. ಅಪ್ಪನ ಪಿಂಚಣಿ ಫೈಲಿನಲ್ಲಿ ಒಂದು ಸರ್ಕಾರಿ ಕಾಗದ ಇದೆ. ಅದರ ಮೇಲೆ ನಮ್ಮ ರಾಜ್ಯದ ಲಾಂಛನ. ನಡುವೆ ಎರಡು ತಲೆಯ ಹಕ್ಕಿ ಗಂಡಭೇರುಂಡ, ಎರಡೂ ಬದಿಗೆ ಸಿಂಹದ ಮೈಗೆ ಆನೆಯ ತಲೆ ಇರುವ ಗಜಕೇಸರಿ. ಇದಕ್ಕಿಂತ ಅತಿವಾಸ್ತವ ಚಿತ್ರ ಬೇಕಾ? ಜಾತಿ ಸರ್ಟಿಫಿಕೇಟಿನಿಂದ ಹಿಡಿದು ಜಮೀನಿನ ಪತ್ರದವರೆಗೆ ಅದರ ಕೆಳಗೇ ನಮ್ಮ ಬದುಕು ಬರೆದಿದೆ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯಲ್ಲಿ 1047ರ ಒಂದು ಕಂಬ ಇದೆ. ಅದರ ತುದಿಯಲ್ಲಿ ಮನುಷ್ಯನ ಮೈ, ಎರಡು ಹಕ್ಕಿ ತಲೆಯ ಗಂಡಭೇರುಂಡ. ಪ್ಯಾರಿಸ್‌ನ ಪ್ರಣಾಳಿಕೆಗೆ ಸುಮಾರು ಒಂಬತ್ತು ಶತಮಾನ ಮೊದಲಿನದು. ಅದನ್ನು ಕೆತ್ತಿದವರು ಮನಸ್ಸಿನಲ್ಲಿ ಇಟ್ಟುಕೊಂಡದ್ದು ಬೇರೆ. ಅದು ನಂಬಿಕೆ, ಇದು ಕನಸು. ಎರಡನ್ನೂ ಒಂದೇ ಅನ್ನುವುದು ಸರಿಯಲ್ಲ. ಆದರೆ ನೋಡುವ ಕಣ್ಣು ನಮ್ಮಲ್ಲಿ ಮೊದಲಿಂದಲೂ ಇದೆ ಅಂತಷ್ಟೇ ನನ್ನ ಮಾತು.

ಎರಡನೇ ಕೋಣೆಯಲ್ಲಿ ಶಿಲ್ಪಗಳಿದ್ದವು. ಹೆಚ್ಚಿನವು ನನಗೆ ಹಿಡಿಸಲಿಲ್ಲ. ಫೈಬರ್‌ನಲ್ಲಿ ಮಾಡಿದ ಒಂದು ದೊಡ್ಡ ಕೈ, ಬೆರಳುಗಳ ಬದಲು ಗಗನಚುಂಬಿ ಕಟ್ಟಡ. ನೋಡಿದ ತಕ್ಷಣ ಮುಗಿದುಹೋಯಿತು. ಹೇಳಬೇಕಾದ್ದನ್ನು ಅದು ಕೂಗಿ ಹೇಳುತ್ತಿತ್ತು.

ಮೂಲೆಯಲ್ಲಿ ನೆಲದ ಮೇಲೆ ಒಂದು ದಿಂಬು ಇತ್ತು.

ನಿಜವಾಗಿ ನಾನು ಅದನ್ನು ದಿಂಬು ಅಂತಲೇ ಅಂದುಕೊಂಡೆ. ಯಾರೋ ಕಾವಲಿನವರು ಮಧ್ಯಾಹ್ನ ಮಲಗಿ ಅಲ್ಲೇ ಬಿಟ್ಟಿದ್ದಾರೆ ಅನ್ನಿಸಿತು. ಹತ್ತಿರ ಹೋದರೆ ಕಲ್ಲು. ದೇವನಹಳ್ಳಿ ಕಡೆಯ ಸಾದಹಳ್ಳಿ ಕಲ್ಲು, ಅದೇ ಬೂದು ಬಣ್ಣದ ಗ್ರಾನೈಟ್. ನಮ್ಮ ಮನೆಗಳ ಮೆಟ್ಟಿಲು, ಚಪ್ಪಡಿ ಎಲ್ಲ ಅದೇ ಅಲ್ವಾ. ಆ ಕಲ್ಲಿಗೆ ದಿಂಬಿನ ಮೂಲೆಗಳ ಸುಕ್ಕು, ಹೊಲಿಗೆಯ ಗುರುತು, ಹತ್ತಿ ಒಂದು ಕಡೆ ಗಂಟು ಕಟ್ಟಿದ ಉಬ್ಬು. ನಡುವೆ ಒಂದು ತಗ್ಗು. ತಲೆ ಇಟ್ಟು ಮಲಗಿ ಎದ್ದಾಗ ಉಳಿಯುವ ತಗ್ಗು. ಆ ತಗ್ಗಿನಲ್ಲಿ ಕಲ್ಲಿನ ಬಣ್ಣ ಕಪ್ಪಾಗಿತ್ತು, ವರ್ಷಗಟ್ಟಲೆ ಕೊಬ್ಬರಿ ಎಣ್ಣೆ ಇಳಿದ ದಿಂಬಿನ ಹಾಗೆ.

ಅಪ್ಪ ಅದರ ಪಕ್ಕ ಕುಕ್ಕರಗಾಲಲ್ಲಿ ಕೂತರು. ಮಂಡಿ ನೋವಿದೆ, ಆದರೂ ಕೂತರು. ಎಂದಿನ ಹಾಗೆ ಏನೇನಿದೆ ಅಂತ ಹೇಳುತ್ತಾರೆ ಅಂತ ಕಾದೆ. ಹೊಲಿಗೆ ನೋಡಿದರು. ಸುಕ್ಕು ನೋಡಿದರು. ತಗ್ಗಿನ ಮೇಲೆ ಕೈ ಚಾಚಿದರು. ಮುಟ್ಟಲಿಲ್ಲ. ಒಂದು ಅಂಗುಲ ಮೇಲೆ ಹಾಗೇ ಹಿಡಿದಿದ್ದರು.

"ಈಗ ತಾನೆ ಎದ್ದು ಹೋಗಿದಾರೆ" ಅಂದರು.

ಅಷ್ಟೇ. ನಾನು ಗೋಡೆಯ ಕಡೆ ತಿರುಗಿ ಬೇರೇನೋ ನೋಡುವವಳ ಹಾಗೆ ನಿಂತೆ.

ಅದನ್ನು ಕೆತ್ತಿದ ಹುಡುಗ ಅಲ್ಲೇ ಕುರ್ಚಿಯಲ್ಲಿದ್ದ. ಎದ್ದು ಬಂದು ಅಪ್ಪನಿಗೆ ಕೈ ಕೊಟ್ಟು ಎಬ್ಬಿಸಿದ. ಅಪ್ಪ ಅವನಿಗೆ ಕೇಳಿದ್ದು ಅರ್ಥ ಅಲ್ಲ, ಕೆಲಸ. "ಕಲ್ಲು ಮೆತ್ತಗೆ ಕಾಣೋ ಹಾಗೆ ಹೇಗೆ ಮಾಡಿದ್ರಪ್ಪ?" ಆ ಹುಡುಗನ ಮುಖ ಅರಳಿತು. ಎಲ್ಲೂ ಒಂದು ನೇರ ಗೆರೆ ಇರಬಾರದು ಸಾರ್, ಅಂದ. ಒಂದು ಕಡೆ ನೇರ ಗೆರೆ ಬಂದರೂ ಕಣ್ಣು ಕಲ್ಲು ಅಂತ ಹಿಡಿದುಬಿಡುತ್ತೆ. ಆಮೇಲೆ ಪಾಲಿಶ್. ಗ್ರಾನೈಟನ್ನು ಉಜ್ಜಿದಷ್ಟೂ ಬಣ್ಣ ಗಾಢ ಆಗುತ್ತೆ. ಹಾಗಾಗಿ ದಿಂಬನ್ನೆಲ್ಲ ಉಳಿಯ ಗುರುತಿನಲ್ಲೇ ಒರಟಾಗಿ ಬಿಟ್ಟು, ತಗ್ಗನ್ನು ಮಾತ್ರ ಕೈಯಲ್ಲಿ ದಿನಗಟ್ಟಲೆ ಉಜ್ಜಿದೆ ಅಂದ. ಎಣ್ಣೆಯ ಕಲೆ ಅಂತ ನಾವು ಅಂದುಕೊಂಡದ್ದು ಬಣ್ಣ ಅಲ್ಲ, ಶ್ರಮ.

ನಾನು ಕೇಳಿದೆ, ಇದು ಹೇಗೆ ಹೊಳೆಯಿತು ಅಂತ. ಅವನ ಮನಸ್ಸಿನಲ್ಲಿ ಇದ್ದದ್ದು ಬೇರೆಯೇ. ಅವನ ಊರಿನ ಹತ್ತಿರ ಕಲ್ಲು ಕ್ವಾರಿ ಇದೆ. ಮಧ್ಯಾಹ್ನ ಕೆಲಸದವರು ಟವೆಲ್ ಸುತ್ತಿ ಕಲ್ಲಿನ ಮೇಲೇ ತಲೆ ಇಟ್ಟು ಮಲಗುತ್ತಾರೆ. ಅವರ ತಲೆ ಇಟ್ಟಿಟ್ಟು ಕಲ್ಲೇ ತಗ್ಗಾಗಿದ್ದರೆ ಹೇಗಿರುತ್ತಿತ್ತು ಅಂತ ಯೋಚನೆ ಬಂತಂತೆ.

ಅಪ್ಪನ ದಿಂಬು ಅದಲ್ಲ. ಅಪ್ಪ ಕ್ವಾರಿಯ ಮಾತನ್ನು ಪೂರ್ತಿ ಕೇಳಿಸಿಕೊಂಡರು, "ಹೌದು, ಅದೂ ಸರಿ" ಅಂದರು, ತಮ್ಮದನ್ನು ಹೇಳಲಿಲ್ಲ. ಒಂದೇ ತಗ್ಗು, ಅದರಲ್ಲಿ ಬೇರೆ ಬೇರೆ ತಲೆ. ಶಿಲ್ಪಿ ಹೇಳಿದ ಕಾರಣಕ್ಕೆ ಅಪ್ಪ ಕಂಡದ್ದು ತಪ್ಪಾಗಲಿಲ್ಲ. ಅಪ್ಪ ಕಂಡದ್ದಕ್ಕೆ ಶಿಲ್ಪಿಯದು ಕಡಿಮೆಯೂ ಆಗಲಿಲ್ಲ. ಕಲ್ಲು ಇಬ್ಬರಿಗೂ ಸಾಕಾಗುವಷ್ಟು ಜಾಗ ಇಟ್ಟಿತ್ತು. ಕಟ್ಟಡದ ಬೆರಳಿನ ಕೈಯಲ್ಲಿ ಇಲ್ಲದ್ದು ಅದೇ. ಅಲ್ಲಿ ನೋಡುವವರಿಗೆ ಜಾಗವೇ ಇರಲಿಲ್ಲ.

ಹೊರಗೆ ಬರುವ ದಾರಿಯಲ್ಲಿ ಒಂದು ಕ್ಯಾನ್ವಾಸ್ ಅಪ್ಪನನ್ನು ತಡೆದು ನಿಲ್ಲಿಸಿತು. ವಿಧಾನಸೌಧದ ಮೆಟ್ಟಿಲುಗಳ ಮೇಲೆ ಕರಗಿ ಇಳಿಯುತ್ತಿರುವ ವಾಚುಗಳು. ಅಪ್ಪನಿಗೆ ಸಿಟ್ಟು ಬಂದಿತ್ತು, ನಿಜವಾದ ಸಿಟ್ಟು. "ಇದು ಆಗಲ್ಲ ಕಣಮ್ಮ." ವಾಚು ಕರಗುವುದಿಲ್ಲ ಅನ್ನುವ ಸಿಟ್ಟು ಅಂದುಕೊಂಡೆ. ಅದಲ್ಲ. "ಎಲ್ಲದರಲ್ಲೂ ಹತ್ತು ಹತ್ತು ಆಗಿದೆ ನೋಡು. ಅದು ಜಾಹೀರಾತಿನ ಟೈಮು. ಕಂಪನಿ ಹೆಸರು ಮುಳ್ಳಿನ ನಡುವೆ ಚೆನ್ನಾಗಿ ಕಾಣ್ಲಿ ಅಂತ ಫೋಟೋಗೆ ಹಾಗೆ ಇಡ್ತಾರೆ. ಇವರು ವಾಚು ನೋಡಿಲ್ಲ. ವಾಚಿನ ಫೋಟೋ ನೋಡಿದಾರೆ."

ಅಷ್ಟು ವರ್ಷ ಚಿತ್ರ ನೋಡಿದ ನನಗೆ ಅದು ಹೊಳೆದಿರಲಿಲ್ಲ. ಎಲ್ಲೋ ಕಂಡ ಕನಸನ್ನು ಇನ್ನೊಬ್ಬರು ತಂದು ಬರೆದರೆ ಏನೋ ಸುಳ್ಳು ಅನ್ನಿಸುತ್ತದೆ, ಎಲ್ಲಿ ಅಂತ ಹೇಳಲು ಬರುವುದಿಲ್ಲ. ಅಪ್ಪ ಬೆರಳಿಟ್ಟು ತೋರಿಸಿದರು.

ಕ್ಯಾಂಟೀನಿನಲ್ಲಿ ಕಾಫಿ ತರಿಸಿ, ಆ ಕರಗುವ ವಾಚುಗಳಿಗೆ ಮೂಲವಾದ ಚಿತ್ರವನ್ನು ಫೋನಿನಲ್ಲಿ ತೆಗೆದು ತೋರಿಸಿದೆ. ಸ್ಪೇನಿನ ಅತಿವಾಸ್ತವ ಕಲಾವಿದ ಸಾಲ್ವಡಾರ್ ಡಾಲಿ 1931ರಲ್ಲಿ ಬರೆದದ್ದು. ಈಗ ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿದೆ. ಎಲ್ಲರೂ ದೊಡ್ಡ ಚಿತ್ರ ಅಂದುಕೊಳ್ಳುತ್ತಾರೆ, ಆದರೆ ಅದು 24 ಸೆಂಟಿಮೀಟರ್ ಎತ್ತರ, 33 ಸೆಂಟಿಮೀಟರ್ ಅಗಲ ಅಷ್ಟೆ. ತಟ್ಟೆ ಇಡುವ ಟ್ರೇಯಷ್ಟು. ಅಪ್ಪ ಕನ್ನಡಕ ಹಣೆಗೆ ಏರಿಸಿ ಫೋನನ್ನು ಕಣ್ಣಿನ ಹತ್ತಿರ ತಂದುಕೊಂಡರು, ಬೆಂಚಿನ ಮುಂದೆ ಕೂತಿದ್ದ ಹಾಗೆ.

"ನಾಲ್ಕು ವಾಚು. ಮೂರು ಸೋತಿವೆ. ಒಂದು ಗಟ್ಟಿಯಾಗಿದೆ, ಮುಚ್ಚಳ ಮುಚ್ಚಿದೆ. ಗಟ್ಟಿ ಇರೋದಕ್ಕೇ ಇರುವೆ ಮುತ್ತಿದೆ." ಸ್ವಲ್ಪ ಹೊತ್ತು ಬಿಟ್ಟು, "ದೊಡ್ಡದರ ಮೇಲೆ ಒಂದು ನೊಣ. ನಮ್ಮಲ್ಲಿ ಒಂದು ಕಣ ಧೂಳು ಬಿದ್ದರೆ ವಾಚು ವಾಪಸ್ ಬರ್ತಿತ್ತು. ಇಲ್ಲಿ ನೊಣ, ಇರುವೆ! ಇವನಿಗೆ ವಾಚಿನ ಭಯ ಗೊತ್ತಿದೆ."

ಕರಗುತ್ತಿದ್ದ ಚೀಸ್ ನೋಡಿ ಈ ಯೋಚನೆ ಬಂತು ಅಂತ ಡಾಲಿಯೇ ಹೇಳಿಕೊಂಡಿದ್ದಾನೆ ಅಂತ ಹೇಳಿದೆ. ಅಪ್ಪ ಅದಕ್ಕೆ ಬೆಲೆ ಕೊಡಲಿಲ್ಲ. ಅವರಿಗೆ ಬೇರೆ ಏನೋ ಸಿಕ್ಕಿತ್ತು. ಬಿಸಿಲಿಗೆ ಸ್ಪ್ರಿಂಗಿನ ಬಿಗಿ ಸ್ವಲ್ಪ ಕಡಿಮೆ ಆಗುತ್ತೆ, ಹಳೆ ಕಾಲದ ವಾಚುಗಳು ಸೆಕೆಗೆ ನಿಧಾನ ಆಗುತ್ತಿದ್ದವು, ಅದನ್ನು ತಡೆಯಲು ಬೇರೆ ಲೋಹ ಬೆರೆಸಿ ಸ್ಪ್ರಿಂಗ್ ಮಾಡಲು ಕಲಿತರು ಅಂತ ವಿವರಿಸಿದರು. "ವಾಚು ಕರಗಲ್ಲ. ಆದ್ರೆ ಬಿಸಿಲಿಗೆ ಸೋಲುತ್ತೆ. ಅದು ನಿಜ. ಇವನು ಆ ನಿಜಾನ ಎಳೆದು ಎಳೆದು ಇಷ್ಟು ಉದ್ದ ಮಾಡಿದಾನೆ." ಇಷ್ಟು ಚೆನ್ನಾಗಿ ಆ ಚಿತ್ರವನ್ನು ನನಗೆ ಯಾವ ಪುಸ್ತಕವೂ ಹೇಳಿರಲಿಲ್ಲ.

ಡಾಲಿಗೂ ಬೆಂಗಳೂರಿಗೂ ಒಂದು ನಂಟಿದೆ ಅಂದೆ. 1967ರಲ್ಲಿ ಏರ್ ಇಂಡಿಯಾ ತನ್ನ ಪ್ರಯಾಣಿಕರಿಗೆ ಉಡುಗೊರೆ ಕೊಡಲು ಒಂದು ಆಶ್‌ಟ್ರೇ ಮಾಡಿಕೊಡಿ ಅಂತ ಡಾಲಿಯನ್ನು ಕೇಳಿತು. ಅವನು ಪಿಂಗಾಣಿಯಲ್ಲಿ ಹಂಸ ಮತ್ತು ಆನೆಯ ತಲೆ ಇರುವ ಒಂದು ವಿನ್ಯಾಸ ಕೊಟ್ಟ. ಹಂಸವನ್ನು ತಲೆಕೆಳಗು ಮಾಡಿದರೆ ಆನೆಯ ತಲೆ ಆಗುತ್ತದೆ, ಆನೆಯನ್ನು ತಿರುಗಿಸಿದರೆ ಹಂಸ. ಅದಕ್ಕೆ ಪ್ರತಿಯಾಗಿ ಅವನು ಕೇಳಿದ್ದು ಒಂದು ಆನೆಮರಿ. ಆನೆಮರಿ ಬೆಂಗಳೂರಿನಿಂದಲೇ ಹೋಯಿತು. ವಿಮಾನದಲ್ಲಿ ಜಿನೀವಾ, ಅಲ್ಲಿಂದ ಲಾರಿಯಲ್ಲಿ ಸ್ಪೇನಿನ ಕಡಕೇಸ್ ಅನ್ನುವ ಊರಿಗೆ.

ಅಪ್ಪ ಕಾಫಿ ಲೋಟ ಕೆಳಗಿಟ್ಟರು. "ಮಾವುತ ಜೊತೆಗೆ ಹೋಗಿದ್ದನಾ?"

"ಹೋಗಿದ್ದನಂತೆ."

"ಸರಿ ಹಾಗಾದ್ರೆ" ಅಂದರು. ಆನೆಮರಿ ಒಂಟಿಯಾಗಿ ಹೋಗಲಿಲ್ಲ ಅನ್ನುವುದು ಅವರಿಗೆ ಮುಖ್ಯವಾಗಿತ್ತು.

ಇಂಥ ಕಲೆ ಗ್ಯಾಲರಿಯ ಒಳಗೇ ಇರಬೇಕು ಅಂತಲೂ ಇಲ್ಲ. 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಯ ಒಂದು ದೊಡ್ಡ ಗುಂಡಿಯಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಒಂದು ಮೊಸಳೆಯನ್ನು ತಂದಿಟ್ಟಿದ್ದು ನೆನಪಿರಬಹುದು. ಸುತ್ತ ಹಸಿರು ಬಣ್ಣದ ನೀರು, ನಡುವೆ ಮೊಸಳೆ. 2019ರಲ್ಲಿ ಅವರೇ ಗಗನಯಾತ್ರಿಯ ಉಡುಪು ಹಾಕಿಸಿ ಒಬ್ಬರನ್ನು ಗುಂಡಿ ಬಿದ್ದ ರಸ್ತೆಯಲ್ಲಿ ನಡೆಸಿದ ವಿಡಿಯೊ ಬಂತು. ಚಂದ್ರನ ಮೇಲೆ ನಡೆದ ಹಾಗೇ ಕಾಣುತ್ತಿತ್ತು, ಪಕ್ಕದಲ್ಲಿ ಆಟೊ ಹಾದುಹೋಗುವವರೆಗೆ. ಆ ಮೊಸಳೆ ನೋಡಿ ಯಾರೂ ಅರ್ಥ ಕೇಳಲಿಲ್ಲ. ಗುಂಡಿ ಎಲ್ಲರ ಅನುಭವ. ರೂಪಕ ಅಲ್ಲಿಂದಲೇ ಎದ್ದು ಬಂದಿತ್ತು. ಬಸ್ಸಿನ ಚಿತ್ರವೂ ಹಾಗೇ, ಕಲ್ಲಿನ ದಿಂಬೂ ಹಾಗೇ. ನಮ್ಮ ನೆಲದ್ದೇ ಕೆರೆ, ನಮ್ಮ ಕಡೆಯದೇ ಕಲ್ಲು.

ಪರಿಷತ್ತಿನಲ್ಲಿ ಇನ್ನೂ ನೋಡುವುದು ಬೇಕಾದಷ್ಟಿತ್ತು. ರೋರಿಕ್ ಅವರ ಚಿತ್ರಗಳಿವೆ, ಕೆ.ಕೆ. ಹೆಬ್ಬಾರರದಿವೆ, ತೊಗಲುಗೊಂಬೆಗಳಿವೆ. ಇನ್ನೊಂದು ದಿನ ಅಂದರು ಅಪ್ಪ. ಹೊರಡುವ ಮೊದಲು ಮತ್ತೆ ಎರಡನೇ ಕೋಣೆಗೆ ಒಬ್ಬರೇ ಹೋಗಿ ಬಂದರು. ನಾನು ಮರದ ಕೆಳಗೆ ಕಾದೆ. ಏನು ನೋಡಿದಿರಿ ಅಂತ ಕೇಳಲಿಲ್ಲ. ಬಂದವರು ಕೈಯಲ್ಲಿದ್ದ ಜನತಾ ವಾಚಿಗೆ ಕೀ ಕೊಟ್ಟರು. ಬೆಳಿಗ್ಗೆ ಕೊಡುವುದು ಮರೆತುಹೋಗಿತ್ತಂತೆ.

ಶಿವಾನಂದ ಸರ್ಕಲ್ ಹತ್ತಿರ ಬಸ್ ಹತ್ತಿ ಮೆಜೆಸ್ಟಿಕ್‌ಗೆ ಬಂದೆವು. ಸಂಜೆಯ ಹೊತ್ತು. ಪ್ಲಾಟ್‌ಫಾರ್ಮ್ ತುಂಬ ಜನ, ಬ್ಯಾಗು, ಕಡಲೆಕಾಯಿ, ಹಾರ್ನ್. ಅಪ್ಪ ಬಸ್ಸಿನಿಂದ ಇಳಿಯುವಾಗ ಕೊನೆಯ ಮೆಟ್ಟಿಲಲ್ಲಿ ಒಂದು ಕ್ಷಣ ನಿಂತು ಕಾಲನ್ನು ಮೆಲ್ಲಗೆ ಕೆಳಗಿಟ್ಟರು. ಜಾಲಹಳ್ಳಿಗೆ ಮೆಟ್ರೋ ಹಿಡಿಯಬೇಕಿತ್ತು. ಎಸ್ಕಲೇಟರ್‌ನಲ್ಲಿ ಕೆಳಗೆ, ಮತ್ತೆ ಕೆಳಗೆ. ಅಪ್ಪ ಕೈಪಟ್ಟಿ ಹಿಡಿದು ಮೇಲಿನ ಚಾವಣಿ ನೋಡುತ್ತಿದ್ದರು.

"ಈಗ ಕೆರೆಯ ತಳ ದಾಟಿರ್ತೀವಿ ಅಲ್ವಾ?" ಅಂದರು.

"ದಾಟಿರ್ತೀವಿ ಅಪ್ಪ."

ರೈಲು ತುಂಬಿತ್ತು. ಒಬ್ಬ ಹುಡುಗ ಅಪ್ಪನನ್ನು ನೋಡಿ ಎದ್ದು ಸೀಟು ಬಿಟ್ಟುಕೊಟ್ಟ. "ಬೇಡಪ್ಪ, ಕೂತ್ಕೊ. ನಾನು ನಿಂತೇ ಇರ್ತೀನಿ" ಅಂದರು. ಬಾಗಿಲು ಮುಚ್ಚಿತು. ಅಪ್ಪ ಮೇಲಿನ ಕಂಬಿ ಹಿಡಿದು ನಿಂತು, ಗದ್ದ ಸ್ವಲ್ಪ ಮೇಲೆತ್ತಿದರು.